ಬೀಗರಿಗೆ ಹಾಳೂರು ತೋರಿಸಿದ್ದು

ಗೈಡ್ ಸಫೆತ್ ತನ್ನ ಕೊಡೆ ಎತ್ತಿ ಹಿಡಿದನೆಂದರೆ ಅಮೃತಶಿಲೆಯ ಚಕ್ರವರ್ತಿಗಳೂ ಪೀಠದಿಂದ ಇಳಿದು ಅವನ ಹಿಂದೆ ಸಾಲಾಗಿ ನಡೆಯುತ್ತಾರೆ ಎಂದು ಸೆಲ್ಚುಕ್ಕಿನ ಚಹದಂಗಡಿಗಳಲ್ಲಿ ಒಂದು ಮಾತಿತ್ತು. ಮಾತನ್ನು ಹುಟ್ಟಿಸಿದವನೂ ಸಫೆತ್, ಹಬ್ಬಿಸಿದವನೂ ಸಫೆತ್. ಮೂವತ್ತು ವರ್ಷಗಳಿಂದ ಎಫೆಸ್ ಎಂಬ ರೋಮನರ ಕಾಲದ ಹಾಳೂರನ್ನು ಪರದೇಶದವರಿಗೆ ತೋರಿಸಿ ತೋರಿಸಿ, ಆ ಊರನ್ನು ಕಟ್ಟಿಸಿದವನು ತಾನೇ, ಆಮೇಲೆ ಯಾಕೋ ಮನಸ್ಸಿಗೆ ಬಾರದೆ ಕೆಡವಿಸಿದವನೂ ತಾನೇ ಎಂಬ ಗತ್ತಿನಲ್ಲಿ ಅವನು ಓಡಾಡುತ್ತಿದ್ದ.

ಇಂಥವನ ಮಗಳು ನಿಲ್ಗುನ್‌ಳನ್ನು ಕೇಳಲು ಕೈಸೇರಿಯಿಂದ ಬೀಗರು ಬರುವವರಿದ್ದರು. ಹುಡುಗ ಹುಡುಗಿ ಇಜ್ಮಿರಿನ ಕಾಲೇಜಿನಲ್ಲೇ ಎಲ್ಲ ತೀರ್ಮಾನ ಮಾಡಿಕೊಂಡಾಗಿತ್ತು. ಉಳಿದದ್ದು ಹಿರಿಯರು ಬಂದು, ಕಾಫಿ ಕುಡಿದು, ದೇವರ ಹೆಸರಿನಲ್ಲಿ ಹೆಣ್ಣು ಕೇಳುವ ಶಾಸ್ತ್ರ ಮಾತ್ರ. ಆದರೆ ಹುಡುಗನ ಅಪ್ಪ ವಹಾಪ್ ಸಾಮಾನ್ಯ ಆಸಾಮಿಯಲ್ಲ. ಕೈಸೇರಿಯವರು ಕತ್ತೆಗೆ ಬಣ್ಣ ಬಳಿದು ಅದರ ಯಜಮಾನನಿಗೇ ಮಾರಬಲ್ಲವರು ಎಂದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ವಹಾಪ್ ಆ ಕತ್ತೆಗೆ ಆಮೇಲೆ ತಡಿಯನ್ನೂ ಮಾರುವ ಪೈಕಿ. ದೊಡ್ಡ ಮಗನಿಗೆ ಹೆಣ್ಣು ಕೇಳಲು ಹೋದಲ್ಲಿ, ಹುಡುಗಿಯ ಅಪ್ಪ ಆಕೆಯ ವಯಸ್ಸಿನಲ್ಲಿ ಎರಡು ವರ್ಷ ನುಂಗಿದ್ದು ತಿಳಿದು, ಬಂದ ಕಾಫಿಯನ್ನು ಮುಟ್ಟದೆ ಎದ್ದು ಬಂದ ಮನುಷ್ಯ.

ಅದಕ್ಕೇ ನಿಲ್ಗುನ್ ಅಪ್ಪನ ಕೈ ಹಿಡಿದು ಬೇಡಿಕೊಂಡಳು. "ಅಪ್ಪಾ, ಒಂದು ದಿನ, ಇದೊಂದೇ ದಿನ, ಸುಳ್ಳು ಹೇಳಬೇಡ."

ಸಫೆತನಿಗೆ ನೋವಾಯಿತು. ತಾನು ಎಂದೂ ಸುಳ್ಳು ಹೇಳಿದವನಲ್ಲವೆಂದೂ, ಚರಿತ್ರೆ ಬಿರುಕು ಬಿಟ್ಟಲ್ಲಿ ಒಂದಿಷ್ಟು ಗಾರೆ ಮೆತ್ತಿದ್ದುಂಟೆಂದೂ ತಿಳಿಸಿಕೊಟ್ಟ. ಅಲ್ಲಿಗೆ ನಿಲ್ಲದೆ, ಸಂಜೆಯ ಕಾಫಿಗೆ ಮೊದಲು ಬೀಗರಿಗೆ ಎಫೆಸ್ ತೋರಿಸಿಯೇ ತೀರುವೆನೆಂದು ಘೋಷಿಸಿದ.

"ಜಪಾನಿನವರನ್ನ ಅಳಿಸಿದೀನಿ, ಜರ್ಮನಿಯವರನ್ನ ನಗಿಸಿದೀನಿ. ನನ್ನ ಕೊಡೆ ಹಿಂದೆ ಬಂದವರಲ್ಲಿ ಇವತ್ತಿನವರೆಗೆ ಒಬ್ಬರೂ ದಾರಿ ತಪ್ಪಿಲ್ಲ. ಕೈಸೇರಿಯ ನಾಲ್ಕು ಜನ ನನಗೊಂದು ಲೆಕ್ಕವೇನೆ?"

ಹೆಂಡತಿ ಮುನವ್ವರ್ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಿದ್ದವಳು ತಲೆಯೆತ್ತಲಿಲ್ಲ. "ದಾರಿ ತಪ್ಪೋದು ಅವರಲ್ಲ ರೀ, ನೀವು. ನೋಡಿಕೊಂಡು ಸೀದಾ ಮನೆಗೆ ಬನ್ನಿ. ನಡುವೆ ಎಲ್ಲೂ ನಿಲ್ಲಿಸಬೇಡಿ."

ಬೀಗರು ಬಂದರು. ವಹಾಪ್, ಅವರ ಮಾತಿಲ್ಲದ ಹೆಂಡತಿ, ತಲೆ ತಗ್ಗಿಸಿದ ಹುಡುಗ, ಮತ್ತು ಇವರೆಲ್ಲರ ಪಾಲಿನ ಮಾತನ್ನೂ ಒಬ್ಬಳೇ ಆಡುವ ವಹಾಪರ ತಾಯಿ ಗುಲ್ಸುಮ್ ಅಜ್ಜಿ. ಸಫೆತ್ ನಾಲ್ವರನ್ನೂ ಪ್ರವಾಸಿಗರನ್ನು ಒಯ್ಯುವ ದಿನದ ಗಾಡಿಗೇ ಹತ್ತಿಸಿ, ದಿನದ ಡ್ರೈವರನನ್ನೇ ಕೂರಿಸಿ, ಮೈಕು ಹಿಡಿದ.

ಅಮೃತಶಿಲೆಯ ಬೀದಿಯಲ್ಲಿ ಅವನು ಕೊಡೆ ಎತ್ತಿದ. ಈ ಕಲ್ಲಿನ ಮೇಲೆಯೇ ಕ್ಲಿಯೋಪಾತ್ರ ಕಾಲು ಜಾರಿದಳೆಂದೂ, ಹಿಡಿಯಲು ಓಡಿದ ಸೇನಾಪತಿಯೂ ಜಾರಿ ಬಿದ್ದನೆಂದೂ, ಅಂದಿನಿಂದ ರೋಮಿನ ಚರಿತ್ರೆಯೇ ಜಾರಿತೆಂದೂ ಹೇಳಿದ. ಇಲ್ಲಿ ಇಟಲಿಯವರು ಕಣ್ಣೊರೆಸಿಕೊಳ್ಳುವುದು ವಾಡಿಕೆ. ವಹಾಪ್ ಬಗ್ಗಿ ಕಲ್ಲನ್ನು ಬೆರಳಿನಿಂದ ತಟ್ಟಿ, ಇಷ್ಟು ನುಣುಪಾಗಿದ್ದರೆ ಜಾರದೆ ಏನು, ಸ್ವಲ್ಪ ಒರಟು ಬಿಟ್ಟಿದ್ದರೆ ಆಗುತ್ತಿತ್ತು ಎಂದರು.

ಮುಂದೆ ರೋಮನರ ಸಾಲು ಶೌಚಾಲಯ. ಇದು ಸಫೆತನ ಬ್ರಹ್ಮಾಸ್ತ್ರ. ಚಳಿಗಾಲದಲ್ಲಿ ಸಾಹುಕಾರರು ಕಲ್ಲು ಬೆಚ್ಚಗಾಗಲೆಂದು ಮೊದಲು ಆಳನ್ನು ಕೂರಿಸುತ್ತಿದ್ದರು ಎಂಬ ಅವನ ಮಾತಿಗೆ ನಗದ ದೇಶ ಭೂಪಟದಲ್ಲಿಲ್ಲ. ವಹಾಪ್ ನಗಲಿಲ್ಲ, ಆ ಆಳಿಗೆ ಬೇಸಿಗೆಯಲ್ಲಿ ಏನು ಕೆಲಸ ಕೊಡುತ್ತಿದ್ದರು ಎಂದು ಕೇಳಿದರು. ಅಷ್ಟರಲ್ಲಿ ಅಜ್ಜಿ ಒಂದು ಕಿಂಡಿಯ ಮೇಲೆ ಕೂತು, ಗಂಟು ಬಿಚ್ಚಿ, ಬೇಯಿಸಿದ ಮೊಟ್ಟೆ ಸುಲಿಯತೊಡಗಿದ್ದಳು.

"ಬೆಳಗ್ಗೆಯಿಂದ ನೋಡಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ಕಣಪ್ಪ," ಎಂದಳು.

ಕಾವಲಿನವನು ಸೀಟಿ ಊದಿದ. ಅಜ್ಜಿ ಅವನಿಗೂ ಅರ್ಧ ಮೊಟ್ಟೆ ಕೊಟ್ಟಳು. ಹಿಂದೆ ಬಂದ ಕೊರಿಯಾದ ತಂಡ ಆಕೆಯನ್ನೂ ರೋಮನರ ಕಾಲದವಳೆಂದೇ ಎಣಿಸಿ ಎಲ್ಲ ದಿಕ್ಕಿನಿಂದ ಫೋಟೋ ತೆಗೆಯಿತು.

ಕೊನೆಗೆ ಬಯಲಿನ ಅಂಚಿನಲ್ಲಿ ನಿಂತು ಸಫೆತ್ ದನಿ ತಗ್ಗಿಸಿ, ಒಂದು ಕಾಲಕ್ಕೆ ಸಮುದ್ರ ಇಲ್ಲಿಯವರೆಗೂ ಇತ್ತು, ಬಂದರಿನಲ್ಲಿ ಹೂಳು ತುಂಬಿ ಸಮುದ್ರ ಹಿಂದೆ ಸರಿಯಿತು, ಹಡಗು ನಿಂತಿತು, ಊರು ಹಾಳಾಯಿತು ಎಂದು ನಿಟ್ಟುಸಿರಿಟ್ಟ.

ವಹಾಪ್ ಬಯಲನ್ನು ಕಣ್ಣಿನಲ್ಲೇ ಅಳೆದರು. "ಅಂದರೆ ಹೂಳು ಎತ್ತಿಸಲಿಲ್ಲ. ಇಷ್ಟೊಂದು ಕಲ್ಲಿನ ಗೊಂಬೆ ನಿಲ್ಲಿಸೋಕೆ ದುಡ್ಡಿತ್ತು, ಒಂದು ಹೂಳೆತ್ತಿಸೋಕೆ ಇರಲಿಲ್ಲ. ಅದನ್ನ ನೋಡೋಕೆ ಜನ ಟಿಕೆಟ್ ಬೇರೆ ತಗೋತಾರೆ."

ಸಫೆತನ ಕೊಡೆ ತಾನಾಗಿ ಮಡಚಿಕೊಂಡಿತು. ಪಾಪ, ಅವನು ಗಾಡಿಯಲ್ಲಿ ಬೀಗರ ಕಡೆ ಮುಖ ಮಾಡಿ ನಿಂತು, ಕಳೆದ ಮಾನವನ್ನು ಮೈಕಿನಲ್ಲಿ ಸಂಪಾದಿಸಲು ಹೆಣಗುತ್ತಿದ್ದಾಗಲೇ ಅನಾಹುತ ನಡೆದದ್ದು. ಗಾಣದ ಎತ್ತನ್ನು ಬಯಲಿಗೆ ಬಿಟ್ಟರೂ ಅದು ಸುತ್ತೇ ಹಾಕುತ್ತದೆ. ಹಾಳೂರು ಮುಗಿದ ಮೇಲೆ ಗಾಡಿ ಹೋಗುವುದು ಎಲ್ಲಿಗೆ ಎಂಬುದು ಸೆಲ್ಚುಕ್ಕಿನ ಡ್ರೈವರನಿಗೆ ಯಾರೂ ಹೇಳಬೇಕಾದ್ದಲ್ಲ. ಸಫೆತ್ ತಿರುಗಿ ನೋಡುವಾಗ ಗಾಡಿ ಜುಲ್ಫುವಿನ ರತ್ನಗಂಬಳಿ ಅಂಗಡಿಯ ಮುಂದೆ ನಿಂತಿತ್ತು. ಜುಲ್ಫು ಎರಡೂ ಕೈ ಎದೆಗಿಟ್ಟು ಬಾಗಿಲಲ್ಲಿ ಬಾಗಿದ್ದ.

ಅಲ್ಲಿಂದಲೇ ಗಾಡಿ ತಿರುಗಿಸಬಹುದಿತ್ತು. ಆದರೆ ಸಫೆತನ ಬಾಯಿ ಸಫೆತನನ್ನು ಕೇಳದೆ ಮೂವತ್ತು ವರ್ಷದ ಮಂತ್ರವನ್ನು ಹೇಳಿಯಾಗಿತ್ತು: "ಇಲ್ಲಿ ಕೊಳ್ಳಲೇಬೇಕು ಅಂತ ಯಾರೂ ಒತ್ತಾಯ ಮಾಡೋದಿಲ್ಲ, ಸುಮ್ಮನೆ ಕಲೆ ನೋಡಿ ಬರೋಣ."

ಅಜ್ಜಿ ಆಗಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಳು.

ಪರದೇಶದವರಿಗೆ ಕೊಡುವ ಸೇಬಿನ ಚಹ ಬಂತು. ಒಂದಾದ ಮೇಲೊಂದು ಕಂಬಳಿಗಳು ಗಾಳಿಯಲ್ಲಿ ಸುತ್ತಿ ನೆಲಕ್ಕೆ ಬಿದ್ದವು. ಬೆಳಗ್ಗೆಯಿಂದ ಉಪ್ಪಿನಕಾಯಿ ಜಾಡಿಯಂತೆ ಬಿಗಿದುಕೊಂಡಿದ್ದ ವಹಾಪರ ಮುಖ ಮೊದಲ ಸಲ ಅರಳಿತು. ಕೈಸೇರಿಯ ಮನುಷ್ಯನನ್ನು ಕಂಬಳಿಯಂಗಡಿಗೆ ಕರೆತಂದು ಮೋಸಹೋದಾನು ಎನ್ನುವುದೆಂದರೆ ಮೀನನ್ನು ಕೆರೆಗೆ ಬಿಟ್ಟು ಮುಳುಗೀತು ಎಂದು ಹೆದರಿದಂತೆ. ಅವರು ಕಂಬಳಿಯನ್ನು ಮಗುಚಿದರು, ಮೂಸಿದರು, ಬೇಡವೆಂದು ಬಾಗಿಲವರೆಗೆ ನಡೆದರು, ವಾಪಸು ಬಂದು ಇನ್ನೊಂದು ಚಹ ಕುಡಿದರು. ಜುಲ್ಫು ಬೆಲೆ ಹೇಳಿದರೆ ವಹಾಪ್ ಮರಣವಾರ್ತೆ ಕೇಳಿದವರಂತೆ ಕಣ್ಣು ಮುಚ್ಚುತ್ತಿದ್ದರು. ಸಫೆತನ ಜೇಬಿನೊಳಗೆ ಮುನವ್ವರಳ ಕರೆಗೆ ಫೋನು ಬುಟ್ಟಿಯಲ್ಲಿ ಮುಚ್ಚಿದ ಕೋಳಿಯಂತೆ ಬಡಿದುಕೊಳ್ಳುತ್ತಲೇ ಇತ್ತು. ಕಾಫಿಯ ಹೊತ್ತು ಮೀರಿತು. ಹೊರಗೆ ಬಿಸಿಲು ಇಳಿಯಿತು.

ಕೊನೆಗೆ ವಹಾಪ್ ಒಂದು ಕೆಂಪು ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಹಳ ಮೆತ್ತಗೆ ಕೇಳಿದರು. "ಈಗ ಗೈಡಿನ ಕಮಿಷನ್ ತೆಗೆದು ಬೆಲೆ ಹೇಳಿ."

"ಕಮಿಷನ್ನಾ? ಎಂಥದು ಯಜಮಾನರೇ? ಸಫೆತ್ ನನಗೆ ಒಡಹುಟ್ಟಿದ ತಮ್ಮ ಇದ್ದ ಹಾಗೆ," ಎಂದ ಜುಲ್ಫು.

"ಹಾಗಾದರೆ ತಮ್ಮನ ಪಾಲು ತೆಗೆದು ಹೇಳಿ."

ಸಫೆತ್ ಚಾವಣಿಯನ್ನು ಕೂಲಂಕಷವಾಗಿ ನೋಡತೊಡಗಿದ. ವಹಾಪ್ ಅವನತ್ತ ತಿರುಗಿದರು. "ಬೀಗರೇ, ನೀವೇ ಹೇಳಿಬಿಡಿ. ಇದರಲ್ಲಿ ನಿಮಗೇನಾದರೂ ಉಂಟಾ?"

ಉಂಟು ಎಂದರೆ ಹೆಣ್ಣು ಕೇಳಲು ಬಂದವರನ್ನೇ ಮಾರಲು ತಂದಂತೆ. ಇಲ್ಲ ಎಂದರೆ ಸುಳ್ಳು. ಸಫೆತನ ಕಣ್ಣ ಮುಂದೆ ಕಾಫಿ ಮುಟ್ಟದೆ ಎದ್ದು ಹೋಗುವ ವಹಾಪರೂ, ಬಾಗಿಲಲ್ಲಿ ನಿಂತ ನಿಲ್ಗುನ್‌ಳೂ ಸುಳಿದರು. ಆದರೂ ಅಭ್ಯಾಸಬಲವೆಂಬುದು ದೊಡ್ಡದು.

"ಛೇ, ಇಲ್ಲ ಬೀಗರೇ. ಈ ಅಂಗಡಿಯಿಂದ ಇವತ್ತಿನವರೆಗೆ ಒಂದು ಕಾಸೂ ಮುಟ್ಟಿದವನಲ್ಲ ನಾನು."

ಇಲ್ಲಿಗೆ ಮುಗಿಯಬಹುದಿತ್ತೇನೋ. ಆದರೆ ಅಷ್ಟು ಹೊತ್ತು ಬೆಲೆ ಇಳಿಸಿದ್ದನ್ನು ಸಹಿಸಿದ್ದ ಜುಲ್ಫು ಮಾನ ಇಳಿಸಿದ್ದನ್ನು ಸಹಿಸಲಿಲ್ಲ. ಒಬ್ಬ ಕೈಸೇರಿಯ ವ್ಯಾಪಾರಿಯ ಎದುರಿಗೆ ತನ್ನನ್ನು ಕೊಡಬೇಕಾದ್ದನ್ನು ಕೊಡದವನೆಂದು ಸಾರುವುದೇ? ಅವನು ಟೋಪಿ ತೆಗೆದು ಕಂಬಳಿಯ ಮೇಲೆ ಕುಕ್ಕಿದ.

"ಏನಂದೆ ಸಫೆತ್? ಕೊಟ್ಟಿಲ್ಲವಾ ನಾನು? ಯಾವ ತಿಂಗಳು ತಪ್ಪಿಸಿದೀನಿ ಹೇಳು. ನಿಮ್ಮನೆ ಫ್ರಿಜ್ಜು ಎಲ್ಲಿಂದ ಬಂತು? ಮಗಳು ಓದಿದ್ದು ಯಾವುದರಲ್ಲಿ, ಕಲ್ಲು ತೋರಿಸಿದ್ದರಲ್ಲಾ? ನಾನು ಮೂವತ್ತು ವರ್ಷ ಗಿರಾಕಿಗಳಿಗೆ ಮೋಸ ಮಾಡಿರಬಹುದು, ನಿನಗೆ ಮಾಡಿಲ್ಲ."

ಅದೇ ಸಿಟ್ಟಿನಲ್ಲಿ ಸಫೆತನ ಪಾಲು ಕಳೆದು ಬೆಲೆಯನ್ನೂ ಹೇಳಿದ. ವಹಾಪ್ ಇಳಿದ ಬೆಲೆ ಕೊಟ್ಟರು, ಕಂಬಳಿ ಸುತ್ತಿಸಿ ಮಗನ ಹೆಗಲಿಗೇರಿಸಿದರು, ಗಾಡಿ ಹತ್ತಿದರು. ಕೈಯಲ್ಲಿ ಮೈಕಿದ್ದೂ ಸಫೆತ್ ಮಾತಾಡದ ಮೊದಲ ಸವಾರಿ ಅದು. ಡ್ರೈವರ್ ಹೆದರಿ ಎರಡು ಸಲ ಕನ್ನಡಿಯಲ್ಲಿ ನೋಡಿ, ಮೈ ಹುಷಾರಿಲ್ಲವಾ ಅಣ್ಣಾ ಎಂದು ಕೇಳಿದ.

ಮನೆಯಲ್ಲಿ ಮುನವ್ವರ್ ಗಂಡನ ಮುಖ ನೋಡಿದಳು, ಹುಡುಗನ ಹೆಗಲ ಮೇಲಿನ ಕಂಬಳಿ ನೋಡಿದಳು. ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ. ಅತಿಥಿಗಳ ಅಂಗೈಗೆ ನಿಂಬೆಯ ಅತ್ತರು ಸುರಿದು, ಇಡೀ ವರ್ಷ ಬೀಗ ಹಾಕಿಡುವ ಕೋಣೆಯಲ್ಲಿ ಕೂರಿಸಿದಳು. ನಿಲ್ಗುನ್ ಕಾಫಿ ತಂದಳು. ವಾಡಿಕೆಯಂತೆ ಹುಡುಗನ ತಾಳ್ಮೆ ನೋಡಲು ಅವನ ಬಟ್ಟಲಿಗೆ ಉಪ್ಪು ಬೆರೆಸಿದ್ದಳು, ಗಾಬರಿಯಲ್ಲಿ ಅರ್ಧ ಸಮುದ್ರವೇ ಬಿದ್ದಿತ್ತು. ಹುಡುಗ ಹುಬ್ಬು ಅಲುಗಿಸದೆ ಕುಡಿದ.

ವಹಾಪರ ಬಟ್ಟಲು ಮಾತ್ರ ಮುಂದಿನ ಮೇಜಿನ ಮೇಲೇ ಇತ್ತು. ಮುಟ್ಟಿರಲಿಲ್ಲ. ನಿಲ್ಗುನ್ ಆ ಬಟ್ಟಲನ್ನೇ ನೋಡುತ್ತ ನಿಂತಳು. ಸಫೆತ್ ಕುರ್ಚಿಯಲ್ಲಿ ಚಿಕ್ಕವನಾಗುತ್ತ ಹೋದ.

"ಬೀಗರೇ, ಬೇಸರ ಮಾಡಿಕೋಬೇಡಿ," ಎಂದರು ವಹಾಪ್. "ಅಂಗಡೀಲಿ ನಿಮ್ಮನ್ನ ನಡುವಿನಿಂದ ತೆಗೆದ ಕೂಡಲೇ ಕಂಬಳಿಯ ಬೆಲೆ ಮೂರರಲ್ಲಿ ಒಂದು ಪಾಲು ಇಳೀತು. ನಾನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ." ಅವರು ಕುರ್ಚಿಯನ್ನು ಪೂರಾ ಮುನವ್ವರಳ ಕಡೆ ತಿರುಗಿಸಿದರು. "ತಂಗೀ, ದೇವರ ಅಪ್ಪಣೆ, ಪ್ರವಾದಿಯ ಮಾತಿನಂತೆ ನಿಮ್ಮ ಮಗಳನ್ನ ನಮ್ಮ ಮಗನಿಗೆ ಕೇಳ್ತಾ ಇದ್ದೀನಿ. ನೇರವಾಗಿ ನಿಮ್ಮ ಹತ್ತಿರ."

ಹೆಣ್ಣಿನ ಅಪ್ಪನನ್ನು ಬಿಟ್ಟು ಅಮ್ಮನನ್ನು ಕೇಳಿದ್ದು ಆ ಬೀದಿಯಲ್ಲಿ ಯಾರೂ ಕಂಡಿದ್ದಿಲ್ಲ. ಮುನವ್ವರ್ ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈಯೊರೆಸಿಕೊಂಡಳು.

"ಕೊಟ್ಟೆ ಅಣ್ಣಾ. ನಿಮ್ಮ ಕಾಫಿ ಆರ್ತಾ ಇದೆ."

ವಹಾಪ್ ಬಟ್ಟಲು ಎತ್ತಿ ಒಂದೇ ಗುಟುಕಿಗೆ ಕುಡಿದರು. ನಿಲ್ಗುನ್ ಅಡಿಗೆಮನೆಗೆ ಓಡಿದಳು. ಒಳಗೆ ಅತ್ತದ್ದೋ ನಕ್ಕದ್ದೋ ಗೊತ್ತಾಗಲಿಲ್ಲ. ಸಫೆತ್ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಹಾಗಾದರೆ ಈ ಮದುವೆಯಲ್ಲಿ ತನ್ನ ಪಾತ್ರವೇನು ಎಂದು ಕ್ಷೀಣ ದನಿಯಲ್ಲಿ ವಿಚಾರಿಸಿದ.

"ನೀನಾ? ನೀನು ಹೀಗೇ ಕೂತಿರು ಮಗಾ," ಎಂದಳು ಗುಲ್ಸುಮ್ ಅಜ್ಜಿ, ಹಲ್ವದ ತಟ್ಟೆ ತನ್ನತ್ತ ಎಳೆದುಕೊಳ್ಳುತ್ತ. "ನಾಳೆ ಮೊಮ್ಮಕ್ಕಳು ಹುಟ್ಟಿದರೆ ಕರಕೊಂಡು ಬಂದು ತೋರಿಸೋಕೆ ಒಂದು ಹಾಳೂರು ಬೇಕಲ್ಲ."

ಸಫೆತ್ ಬೆನ್ನು ನೆಟ್ಟಗೆ ಮಾಡಿದ.

"ಆಗಲಿ ಅಜ್ಜೀ. ಆದರೆ ಟಿಕೆಟ್ ಇಲ್ಲದೆ ಒಳಗೆ ಬಿಡೋದಿಲ್ಲ."