ಮುಖ್ಯ ಕನ್ನಡಕ ಯಾರಿಗೆ?

ಒಂದು ಪರದೆಯ ಮುಂದೆ ನಾಲ್ಕು ಜನರನ್ನು ನಿಲ್ಲಿಸಿ, "ಎಲ್ಲರಿಗೂ ಕಾಣುತ್ತಿದೆಯೇ?" ಎಂದು ಕೇಳುವುದು ನನ್ನ ಉದ್ಯೋಗ. ಹಾಗೆ ಕೇಳಿದ ಮೇಲೆ ಏನೂ ಎಡವಟ್ಟಾಗದೆ ಮುಗಿದ ಪ್ರದರ್ಶನ ನನಗೆ ನೆನಪಿಲ್ಲ. ಆ ಕಥೆಗಳನ್ನು ಕೇಳಿದವರೆಲ್ಲ ನಕ್ಕಿದ್ದಾರೆ. ನಾನು ನಕ್ಕದ್ದು ಕಡಿಮೆ.

ನಮ್ಮ ಕಚೇರಿ ಸೌದಿಯ ಅಲ್ ಖೋಬರ್ ಪಟ್ಟಣದ ಥುಕ್ಬಾದಲ್ಲಿದೆ. ಇನ್ನೂ ಕಟ್ಟದ ಕಟ್ಟಡವನ್ನು, ಇನ್ನೂ ಜೋಡಿಸದ ಯಂತ್ರವನ್ನು ಎದುರಿಗೇ ನಿಂತಂತೆ ತೋರಿಸುವ ಗೋಡೆಯಗಲದ ತ್ರೀಡಿ ಪರದೆಗಳನ್ನು ನಾವು ಮಾರುತ್ತೇವೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ಕೊಟ್ಟರೆ ಮೆದುಳು ಎರಡನ್ನೂ ಕೂಡಿಸಿ ಆಳವನ್ನು ಕಾಣುತ್ತದೆ. ಅದಕ್ಕೆ ಎರಡು ಕಣ್ಣುಗಳನ್ನೂ ಸರದಿಯಂತೆ ಮುಚ್ಚಿ ತೆರೆಯುವ, ಬ್ಯಾಟರಿಯಿಂದ ನಡೆಯುವ ಕಪ್ಪು ಕನ್ನಡಕ ಬೇಕು. ಬಂದವರಿಗೆಲ್ಲ ಕನ್ನಡಕ ಕೊಡುತ್ತೇವೆ. ಆದರೆ ಅವುಗಳಲ್ಲಿ ಒಂದರ ಮೇಲೆ ಮಾತ್ರ ಹೊಳೆಯುವ ಸಣ್ಣ ಗುಂಡುಗಳಿರುತ್ತವೆ. ಪರದೆಯ ಮೇಲಿನ ಕ್ಯಾಮೆರಾಗಳು ಆ ಗುಂಡುಗಳನ್ನು ಹಿಂಬಾಲಿಸಿ, ಅವು ಇರುವ ಜಾಗದಿಂದ ಲೋಕ ಹೇಗೆ ಕಾಣಬೇಕೋ ಹಾಗೆ ಚಿತ್ರ ಬರೆಸುತ್ತವೆ. ಅದನ್ನು ನಾವು ಮುಖ್ಯ ಕನ್ನಡಕ ಎನ್ನುತ್ತೇವೆ. ಅದನ್ನು ಧರಿಸಿದವರಿಗೆ ಕಂಬ ನೆಟ್ಟಗಿರುತ್ತದೆ. ಉಳಿದವರಿಗೆ ಅದೇ ಕಂಬ ವಾಲಿರುತ್ತದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಕಡೆಗೆ.

ಈ ಅಸಮಾನತೆಯನ್ನು ಸರಿಪಡಿಸುವುದೇ ಇಂಜಿನಿಯರಿಂಗ್ ಕೊನೆಯ ವರ್ಷದ ನನ್ನ ಪ್ರಾಜೆಕ್ಟ್ ಆಗಿತ್ತು: ಒಂದೇ ಪರದೆ, ಇಬ್ಬರು ನೋಡುಗರು, ಇಬ್ಬರಿಗೂ ಅವರವರ ಜಾಗದಿಂದ ಸರಿಯಾದ ಚಿತ್ರ. ಅದನ್ನು ಮೆಚ್ಚಿಯೇ ಈ ಕಂಪನಿಯವರು ನನಗೆ ವೀಸಾ ಕಳುಹಿಸಿದ್ದು. ಬಂದ ಮೇಲೆ ಕೊಟ್ಟ ಕೆಲಸ ಕನ್ನಡಕ ಒರೆಸುವುದು. ನಮ್ಮ ಮ್ಯಾನೇಜರ್ ಬಂಟ್ವಾಳದ ಕಡೆಯವರು. ಹಜ್ ಮುಗಿಸಿದವರಾದ್ದರಿಂದ ಎಲ್ಲರಿಗೂ ಹಾಜಿಯವರು. ಅವರು ನನಗೊಂದು ಮಾತು ಕೊಟ್ಟಿದ್ದರು. "ನಿನ್ನ ಇಬ್ಬರ ಪರದೆಯನ್ನು ಒಬ್ಬ ಗಿರಾಕಿ ತಗೊಳ್ಳಲಿ ಮಾರಾಯ. ಮರುದಿನವೇ ಇಲ್ಲಿ ಡಿಸೈನ್ ವಿಭಾಗ ಶುರು, ಅದರಲ್ಲಿ ಮೊದಲ ಕುರ್ಚಿ ನಿನ್ನದು."

ಆ ಕುರ್ಚಿಗಾಗಿ ನಾನು ಒರೆಸುತ್ತಾ ಬಂದೆ.

ತಾವು ಮೊದಲು

ಮಳಿಗೆ ಸಂಕೀರ್ಣ ಕಟ್ಟಿಸಲು ಹೊರಟಿದ್ದ ಇಬ್ಬರು ಸೌದಿ ಸಹೋದರರು ತಮ್ಮ ಲೆಕ್ಕಿಗನೊಂದಿಗೆ ಬಂದಿದ್ದರು. ಮುಖ್ಯ ಕನ್ನಡಕವನ್ನು ಮುಖ್ಯರಾದವರು ಧರಿಸಬೇಕೆಂದು ಹಾಜಿಯವರು ವಿನಯದಿಂದ ವಿವರಿಸಿದರು. ಅದನ್ನು ವಿವರಿಸಬಾರದಿತ್ತು.

ಅಣ್ಣ ಅದನ್ನು ತಮ್ಮನಿಗೆ ನೀಡಿದ. ತಮ್ಮ ಅಣ್ಣನ ಹಣೆಗೆ ಮುತ್ತಿಟ್ಟು ಅದನ್ನು ಹಿಂದಿರುಗಿಸಿದ. ಅಣ್ಣ ದೇವರ ಮೇಲೆ ಆಣೆಯಿಟ್ಟು ಮತ್ತೆ ತಮ್ಮನ ಕೈಗಿತ್ತ. ತಮ್ಮ, ಆತಿಥೇಯರಿಗಿಂತ ಮುಖ್ಯರು ಯಾರು ಎನ್ನುತ್ತಾ ಹಾಜಿಯವರಿಗೆ ಕೊಟ್ಟ. ಹಾಜಿಯವರು, ಅತಿಥಿಗಿಂತ ಮುಖ್ಯರು ಯಾರು ಎನ್ನುತ್ತಾ ಲೆಕ್ಕಿಗನಿಗೆ ಕೊಟ್ಟರು. ಲೆಕ್ಕಿಗ ಬೆಂಕಿ ಮುಟ್ಟಿದವನಂತೆ ಅಣ್ಣನಿಗೆ ಮರಳಿಸಿದ. ಇಷ್ಟೂ ಹೊತ್ತು ಎಲ್ಲರೂ ಸಾಮಾನ್ಯ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ಮಾಡಿದ್ದರು. ಗುಂಡುಗಳು ಕೈಯಿಂದ ಕೈಗೆ ಹೋದ ಹಾಗೆಲ್ಲ ಮೂರಂತಸ್ತಿನ ಕಟ್ಟಡ ಬಿರುಗಾಳಿಗೆ ಸಿಕ್ಕಿದ ದೋಣಿಯಾಯಿತು. ಲೆಕ್ಕಿಗ ಬೆವರಿ, ಖರ್ಜೂರವೂ ಬೇಡವೆಂದು ಜಮಖಾನೆಯ ಮೇಲೆ ಕುಳಿತ.

ಯಾರೂ ಯಾರಿಗೂ ಸೋಲದ ಕಾರಣ ಮುಖ್ಯ ಕನ್ನಡಕ ಕೊನೆಗೆ ಅರಬ್ಬೀ ಕಾಫಿ ಕಹ್ವಾದ ತಟ್ಟೆಯ ಮೇಲೆ ಉಳಿಯಿತು. ನಮ್ಮ ಯಂತ್ರ ಕಹ್ವಾ ಹೂಜಿಯ ದೃಷ್ಟಿಯಿಂದ ಕಟ್ಟಡವನ್ನು ಅತ್ಯಂತ ನಿಖರವಾಗಿ ತೋರಿಸಿತು.

ಹೊರಡುವಾಗ ಅಣ್ಣ ಹಾಜಿಯವರ ಕೈ ಹಿಡಿದು ಮೆಲ್ಲನೆ ಧನ್ಯವಾದ ಹೇಳಿದ. ನಿಮ್ಮ ಪರದೆ ದೊಡ್ಡ ನಷ್ಟದಿಂದ ನಮ್ಮನ್ನು ಉಳಿಸಿತು, ಅಡಿಪಾಯ ಹಾಕುವ ಮೊದಲೇ ಇಷ್ಟು ಅಲ್ಲಾಡುವ ಕಟ್ಟಡವನ್ನು ನಾವು ಕಟ್ಟಿಸುವುದಿಲ್ಲ ಎಂದ.

ಹೃದಯದ ಜಾಗ

ಖಮೀಸ್ ಮುಶೈತ್‌ನ ನರ್ಸಿಂಗ್ ತರಬೇತಿ ಕೇಂದ್ರವೊಂದರಲ್ಲಿ ಪರದೆಯಿಂದ ಹಲಸಿನ ಹಣ್ಣಿನಷ್ಟು ದೊಡ್ಡ ಹೃದಯವನ್ನು ಕೋಣೆಯ ನಡುವೆ ತೇಲಿಸಿದೆವು. ಪಾಠ ಹೇಳುವವರು ಕಾರ್ಕಳದ ಹಿರಿಯ ಸಿಸ್ಟರ್. ಮುಖ್ಯ ಕನ್ನಡಕ ಧರಿಸಿ, ಹೃದಯವನ್ನು ಮೆಚ್ಚಿ, ಅದರ ಎಡ ಕವಾಟವನ್ನು ಬೆರಳಿಟ್ಟು ತೋರಿಸಿರೆಂದು ಅವರು ವಿದ್ಯಾರ್ಥಿನಿಯರಿಗೆ ಹೇಳಿದರು.

ಒಬ್ಬಳು ದೀಪದ ಕಡೆ ತೋರಿಸಿದಳು. ಒಬ್ಬಳು ತನ್ನದೇ ಕಿವಿಯ ಪಕ್ಕದ ಗಾಳಿಯನ್ನು ತೋರಿಸಿದಳು. ಇನ್ನೊಬ್ಬಳ ಬೆರಳು ಪಕ್ಕದವಳ ಮೂಗಿಗೆ ತಾಗಿತು. ಅವರವರು ನಿಂತ ಜಾಗದಿಂದ ಎಲ್ಲರೂ ಸರಿಯಾಗಿಯೇ ಇದ್ದರು. ಸಿಸ್ಟರ್ ಮಾತ್ರ, ಇಡೀ ವರ್ಷ ಕಲಿಸಿದ್ದು ನೀರಿನಲ್ಲಿ ಹೋಮವಾಯಿತೆಂದು ಇಂಗ್ಲಿಷಿನಲ್ಲಿ ಬೈಯತೊಡಗಿದರು. ತಪ್ಪು ಹುಡುಗಿಯರದಲ್ಲ, ಪರದೆಯದು ಎಂದು ನಾನು ನಡುವೆ ಬಾಯಿ ಹಾಕಿದೆ. ಸಿಸ್ಟರ್ ಒಬ್ಬ ವಿದ್ಯಾರ್ಥಿನಿಯ ಕನ್ನಡಕವನ್ನು ತೆಗೆದುಕೊಂಡು ಹಾಕಿ, ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿ ಕನ್ನಡಕ್ಕಿಳಿದರು.

"ಎಂತ ತಮ್ಮಾ, ಇಷ್ಟು ಹೊತ್ತು ನಾನು ಬೈದದ್ದು ಸುಮ್ಮನೆಯಾ? ಎಲ್ಲರಿಗೂ ಒಂದೇ ಜಾಗದಲ್ಲಿ ಕಾಣುವಂಥದ್ದು ನಿಮ್ಮಲ್ಲಿ ಇಲ್ಲವಾ?"

ಆ ಪ್ರಶ್ನೆಯನ್ನು ನನ್ನಲ್ಲಿ ಕೇಳಿದ ಮೊದಲ ವ್ಯಕ್ತಿ ಅವರು. ಸದ್ಯಕ್ಕೆ ಇಬ್ಬರಿಗೆ ಸಾಧ್ಯವಿದೆ, ಒಬ್ಬ ಗಿರಾಕಿ ಕೊಂಡರೆ ಇಪ್ಪತ್ತು ಜನಕ್ಕೂ ಮಾಡಬಹುದು ಎಂದು ಬೇಕಾದುದಕ್ಕಿಂತ ಉದ್ದವಾಗಿ ವಿವರಿಸಿದೆ. ಅವರು ಖರೀದಿ ಸಮಿತಿಗೆ ಶಿಫಾರಸು ಮಾಡಿದರು. ಎಲ್ಲರಿಗೂ ಒಂದೇ ಜಾಗದಲ್ಲಿ ಕಾಣುವ ಹೃದಯ ಬೇಕು ಎಂಬ ಅವರ ವಾದ ಸಮಿತಿಗೆ ಪೂರ್ತಿ ಒಪ್ಪಿಗೆಯಾಯಿತು. ಅದು ಒಂದು ಪ್ಲಾಸ್ಟಿಕ್ ಹೃದಯವನ್ನು ಕೊಂಡಿತು. ಬೇಸರ ಮಾಡಿಕೊಳ್ಳಬಾರದೆಂದು ಸಿಸ್ಟರ್ ಫೋನ್ ಮಾಡಿದ್ದರು. ಒಳ್ಳೆಯದೇ ಉಂಟು ತಮ್ಮಾ, ಚಾರ್ಜ್ ಮಾಡುವುದೂ ಬೇಡ ಎಂದರು.

ಹಾಜಿಯವರಿಗೆ ಕಂಡದ್ದು

ಪ್ರದರ್ಶನದಲ್ಲಿ ಎಲ್ಲರಿಗಿಂತ ಮೊದಲು ಬೆರಗಾಗುವವರು ಹಾಜಿಯವರು. ಚಿತ್ರ ಬಂದ ತಕ್ಷಣ ಒಂದು ಹೆಜ್ಜೆ ಹಿಂದೆ ಸರಿದು, ಎದೆಗೆ ಕೈಯಿಟ್ಟು, "ಮಾಶಾ ಅಲ್ಲಾಹ್, ಎಷ್ಟು ಆಳ" ಎನ್ನುತ್ತಾರೆ. ಅವರನ್ನು ನೋಡಿ ಗಿರಾಕಿಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಒಂದು ದಿನ ಅವರ ಕನ್ನಡಕ ಒರೆಸುವಾಗ ಅದರ ಬ್ಯಾಟರಿ ಊದಿಕೊಂಡು ಕೆಟ್ಟಿರುವುದು ಕಂಡಿತು. ಅದು ಆ ವಾರ ಕೆಟ್ಟದ್ದಲ್ಲ. ಬ್ಯಾಟರಿ ಇಲ್ಲದೆ ನೋಡಿದರೆ ಆಳವೂ ಇಲ್ಲ, ಸ್ಪಷ್ಟತೆಯೂ ಇಲ್ಲ. ಎರಡು ಚಿತ್ರ ಕಲಸಿದ ಮಬ್ಬು ಮಾತ್ರ. ನನ್ನ ವಿದ್ಯೆಯ ಸಾರವನ್ನು ಈ ಮನುಷ್ಯ ಒಮ್ಮೆಯೂ ಕಂಡಿಲ್ಲ ಎಂಬುದು ನನಗೆ ಅವಮಾನವೆನಿಸಿತು. ಇಷ್ಟು ಕಾಲ ಏನನ್ನು ನೋಡಿ ಬೆರಗಾಗುತ್ತಿದ್ದಿರಿ ಎಂದು ಕೇಳಿಯೇಬಿಟ್ಟೆ.

"ಪರದೆ ನೋಡುವುದು ಗಿರಾಕಿಯ ಕೆಲಸ ಮಾರಾಯ," ಎಂದರು ಹಾಜಿಯವರು. "ನಾನು ಗಿರಾಕಿಯ ಮುಖ ನೋಡುವುದು. ಅದಕ್ಕೆ ಬ್ಯಾಟರಿ ಬೇಡ."

ದಾರಿ ಬಿಟ್ಟ ಪೈಪು

ಕೊನೆಯದು ರಾಬಿಗ್‌ನದು. ಅಲ್ಲಿ ಹೊಸ ಪಂಪ್ ಹೌಸ್ ಕಟ್ಟುತ್ತಿದ್ದ ಒಂದು ಗುತ್ತಿಗೆ ಕಂಪನಿ ನಮ್ಮನ್ನು ಕರೆಸಿತ್ತು. ಅದರ ಮುಖ್ಯಸ್ಥ ಒಬ್ಬ ಸೌದಿ; ಎಲ್ಲರೂ ಅವರನ್ನು ಮುದೀರ್ ಎನ್ನುತ್ತಿದ್ದರು. ಗಿಡ್ಡನೆಯ, ಸೌಮ್ಯ ಮಾತಿನ ಮನುಷ್ಯ. ಅವರ ಕೈಕೆಳಗಿನ ಡೆಪ್ಯುಟಿ ಕುಂದಾಪುರದ ಕಡೆಯ ಹಿರಿಯರು, ಬಾಗಿಲಿನಷ್ಟೇ ಎತ್ತರ.

ಮೊದಲ ಸಲ ಒಯ್ದದ್ದು ಸಾಮಾನ್ಯ ಪರದೆ. ಮುಖ್ಯ ಕನ್ನಡಕ ಮುದೀರರ ಮುಖದ ಮೇಲೆ. ಪಂಪುಗಳ ನಡುವಿನ ದಾರಿಗೆ ಅಡ್ಡವಾಗಿ ಒಂದು ಪೈಪು ಹಾದುಹೋಗಿತ್ತು. ಮುದೀರ್ ಅದರ ಕೆಳಗೆ ನಿಂತು, ಎತ್ತರ ಸಾಕಲ್ಲವೇ ಎಂದು ಕೇಳಿದರು. ಡೆಪ್ಯುಟಿ, ಬೇಕಾದಷ್ಟಿದೆ ಎಂದರು. ಅವರು ಸುಳ್ಳು ಹೇಳಲಿಲ್ಲ. ಸಾಮಾನ್ಯ ಕನ್ನಡಕ ಹಾಕಿದವನ ತಲೆ ಮುಖ್ಯ ಕನ್ನಡಕಕ್ಕಿಂತ ಮೇಲಿದ್ದರೆ, ಪರದೆಯಿಂದ ಹೊರಚಾಚಿದ ವಸ್ತುಗಳೂ ಅವನೊಂದಿಗೆ ಮೇಲೇರಿದಂತೆ ಕಾಣುತ್ತವೆ. ಪೈಪು ಅವರಿಗಾಗಿ ಎದ್ದುನಿಂತು ದಾರಿ ಬಿಟ್ಟಿತ್ತು. ಮುದೀರ್ ನಕ್ಷೆಯನ್ನು ಅಲ್ಲಿಯೇ ಒಪ್ಪಿದರು.

ಆರ್ಡರ್ ಕೈಗೆ ಬರುವುದಿತ್ತು. ಅದಕ್ಕೂ ಮೊದಲು ಒಂದು ಸಲ ನನ್ನ ಇಬ್ಬರ ಪರದೆಯನ್ನು ಇಲ್ಲಿ ತೋರಿಸೋಣ ಎಂದು ನಾನು ಹಾಜಿಯವರನ್ನು ಕಾಡಿದೆ. ಅವರು ಒಪ್ಪಿದ್ದು ಕನಿಕರಕ್ಕೆ. ಪರದೆ ಒಂದರ ಹಿಂದೊಂದು ನಾಲ್ಕು ಚಿತ್ರ ತೋರಿಸುತ್ತದೆ. ಇಬ್ಬರ ನಾಲ್ಕು ಕಣ್ಣುಗಳಲ್ಲಿ ಪ್ರತಿಯೊಂದಕ್ಕೂ ತನ್ನ ಚಿತ್ರ ಬಂದಾಗ ಮಾತ್ರ ಕನ್ನಡಕ ತೆರೆದುಕೊಳ್ಳುತ್ತದೆ. ಕನ್ನಡಕಗಳು ಎರಡೇ. ಮುದೀರರಿಗೊಂದು, ಡೆಪ್ಯುಟಿಗೊಂದು. ನಾನು ಬರಿಗಣ್ಣಿನಲ್ಲಿ ಕಂಪ್ಯೂಟರಿನ ಬಳಿ ನಿಂತೆ.

ಮುದೀರ್ ಗಾಳಿಯಲ್ಲಿ ತೇಲುತ್ತಿದ್ದ ವಾಲ್ವಿನ ಮೇಲೆ ಬೆರಳಿಟ್ಟರು. ಡೆಪ್ಯುಟಿಯೂ ಅದೇ ವಾಲ್ವಿಗೆ ಬೆರಳು ಚಾಚಿದರು. ಖಾಲಿ ಜಾಗದಲ್ಲಿ ಎರಡು ಬೆರಳ ತುದಿಗಳು ಒಂದಕ್ಕೊಂದು ತಾಗಿದವು. ನನ್ನ ಕಾಲೇಜಿನಲ್ಲಿ ಇದು ನಡೆದಾಗ ಯಾರಿಗೂ ಅದರ ಅರ್ಥ ತಿಳಿದಿರಲಿಲ್ಲ. ಇಲ್ಲಿ ಮುದೀರ್ ಮಗುವಿನಂತೆ ನಕ್ಕು, ನನ್ನ ಬೆನ್ನು ತಟ್ಟಿ, ಹೆಸರು ಕೇಳಿದರು. ಆ ಕ್ಷಣದಲ್ಲಿ ಕುರ್ಚಿ ನನ್ನದಾಗಿತ್ತು.

ಆಮೇಲೆ ಅವರು ಡೆಪ್ಯುಟಿಯನ್ನು ಪಕ್ಕಕ್ಕೆ ಕರೆದು, ಬನ್ನಿ, ಒಟ್ಟಿಗೆ ನಡೆಯೋಣ ಎಂದರು. ಪೈಪಿನ ಬಳಿ ಬಂದಾಗ ಮುದೀರ್ ನೆಟ್ಟಗೆ ನಡೆದರು. ಡೆಪ್ಯುಟಿ ಸೊಂಟದಿಂದ ಬಗ್ಗಿದರು. ಗೋಡೆಗೆ ಒರಗಿ ನಿಂತಿದ್ದ ಸಿಬ್ಬಂದಿಗೆ ಕಂಡದ್ದು ಇಷ್ಟೇ: ಖಾಲಿ ಕೋಣೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಏನೂ ಇಲ್ಲದ ಜಾಗದಲ್ಲಿ ಬಾಗಿದ.

ಮುದೀರ್ ನಿಂತರು. "ಏಕೆ ಬಗ್ಗಿದಿರಿ?"

ಡೆಪ್ಯುಟಿ ಸೊಂಟ ನೆಟ್ಟಗೆ ಮಾಡಿಕೊಂಡರು. "ಗೌರವಕ್ಕೆ, ಸರ್."

ಗೋಡೆಯ ಬಳಿ ಯಾರೋ ನಗುವನ್ನು ಕೆಮ್ಮಿಗೆ ತಿರುಗಿಸಿದರು. ಗೌರವ ಬೇಡ, ನೆಟ್ಟಗೆ ಬನ್ನಿ ಎಂದರು ಮುದೀರ್. ಡೆಪ್ಯುಟಿ ಎದೆಯುಬ್ಬಿಸಿ ಹೊರಟರು. ಕೊನೆಯ ಹೆಜ್ಜೆಯಲ್ಲಿ ಕುತ್ತಿಗೆ ತಾನಾಗಿ ಮಡಚಿಕೊಂಡಿತು. ಮೂರನೆಯ ಸಲ ಅವರು ಕಣ್ಣು ಮುಚ್ಚಿಕೊಂಡು ದಾಟಿದರು. ಕಪ್ಪು ಕನ್ನಡಕದ ಹಿಂದೆ ಅದು ಗೊತ್ತಾಗದೆಂದು ಭಾವಿಸಿದ್ದರು. ದಾಟಿ ನೇರ ಹೋಗಿ ಪರದೆಗೆ ಹಣೆ ಹೊಡೆದಾಗ ಗೊತ್ತಾಯಿತು.

ಮುದೀರ್ ಕನ್ನಡಕ ತೆಗೆದು ಮಡಚಿದರು. ಯಂತ್ರಕ್ಕೆ ಇನ್ನೂ ಸ್ವಲ್ಪ ಹೊಂದಾಣಿಕೆ ಬೇಕು ಅನಿಸುತ್ತದೆ ಎಂದು ಮೃದುವಾಗಿ ಹೇಳಿದರು. ಹೊಂದಾಣಿಕೆ ಬೇಕಾಗಿರುವುದು ಯಂತ್ರಕ್ಕಲ್ಲ, ಪೈಪಿಗೆ ಎಂದು ನಾನು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದೆ. ಹಾಜಿಯವರು ನನ್ನ ಕಾಲು ತುಳಿದರು, ಆದರೆ ವಾಕ್ಯ ಮುಗಿದ ಮೇಲೆ.

ಆರ್ಡರ್ ಬಂತು, ಹಳೆಯ ಪರದೆಗೆ, ಒಂದೇ ಮುಖ್ಯ ಕನ್ನಡಕದೊಂದಿಗೆ. "ನಿನ್ನದು ಸರಿಯಾಗಿಯೇ ಇತ್ತು ಮಾರಾಯ," ಎಂದರು ಹಾಜಿಯವರು. "ಅಷ್ಟು ಸರಿ ಇರಬಾರದಿತ್ತು." ನನ್ನ ಪರದೆಯನ್ನು ಗೋದಾಮಿನಲ್ಲಿ ಬಟ್ಟೆ ಹೊದಿಸಿ ಇಟ್ಟರು. ಡಿಸೈನ್ ವಿಭಾಗದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಂದು ಇನ್ನೊಂದು ವಾಕ್ಯ ಹೆಚ್ಚು ಹೇಳಬೇಕಿತ್ತೋ, ಒಂದು ವಾಕ್ಯ ಕಡಿಮೆ ಹೇಳಬೇಕಿತ್ತೋ ಎಂಬುದು ನನಗೆ ಈಗಲೂ ಇತ್ಯರ್ಥವಾಗಿಲ್ಲ.

ಮರುವರ್ಷ ರಾಬಿಗ್‌ನ ಅದೇ ಕಚೇರಿಗೆ ಹೊಸ ಕನ್ನಡಕಗಳ ಪೆಟ್ಟಿಗೆ ಒಯ್ಯಬೇಕಾಯಿತು. ಅಷ್ಟರಲ್ಲಿ ಪಂಪ್ ಹೌಸ್ ಕಟ್ಟಿ ಮುಗಿದಿತ್ತು. ಅದರ ಮೂಲಕ ಹೋದರೆ ಹತ್ತಿರವೆಂದು ಡೆಪ್ಯುಟಿ ನನಗೆ ಹೆಲ್ಮೆಟ್ ಕೊಟ್ಟು ಮುಂದೆ ನಡೆದರು. ನಾನು ಪೆಟ್ಟಿಗೆ ಅಪ್ಪಿಕೊಂಡು, ಆ ನಕ್ಷೆ ಒಪ್ಪಿದವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಾ ಹಿಂಬಾಲಿಸಿದೆ. ನಡುದಾರಿಯಲ್ಲಿ ಅವರು ಮೇಲೆ ನೋಡದೆ, ಹೇಳುತ್ತಿದ್ದ ಮಾತು ನಿಲ್ಲಿಸದೆ, ಚಂದವಾಗಿ ಬಗ್ಗಿ ಎದ್ದರು. ಮರುಕ್ಷಣ ನನ್ನ ಹೆಲ್ಮೆಟ್ ಆ ಪೈಪಿಗೆ ಬಡಿದು ಇಡೀ ಪಂಪ್ ಹೌಸಿಗೆ ಕೇಳುವಂತೆ ಠಣ್ಣೆಂದಿತು. ಪೆಟ್ಟಿಗೆ ಬಿತ್ತು. ಕನ್ನಡಕಗಳು ಚೆಲ್ಲಿದವು.

ಡೆಪ್ಯುಟಿ ಹಿಂದಕ್ಕೆ ಬಂದು, ನನ್ನೊಂದಿಗೆ ಕುಕ್ಕರಗಾಲಿನಲ್ಲಿ ಕೂತು ಕನ್ನಡಕಗಳನ್ನು ಹೆಕ್ಕಿಕೊಟ್ಟರು.

"ಇಲ್ಲಿ ಎಲ್ಲರಿಗೂ ಒಂದೊಂದು ಸಲ ತಾಗಿದೆ ಮಗಾ," ಎಂದರು. "ನನಗೆ ಮಾತ್ರ ಇವತ್ತಿನವರೆಗೆ ತಾಗಲಿಲ್ಲ. ನಿನ್ನ ಪರದೆಯಲ್ಲಿ ಮೊದಲೇ ಅಭ್ಯಾಸ ಆಗಿತ್ತಲ್ಲ. ಅಷ್ಟು ಒಳ್ಳೆಯ ಯಂತ್ರ, ನೀನೂ ಒಂದು ಸಲ ನೋಡಬೇಕಿತ್ತು."