ದೋಣಿಯ ದೀಪ, ಭಾವನ ಹಾಡು

ನಮ್ಮ ಬಸವಕಲ್ಯಾಣದ ಕೆರೆಯಲ್ಲಿ ಇರುವುದು ಒಂದೇ ದೋಣಿ, ಮೀನುಗಾರರ ಸಂಘದ್ದು. ಆ ಸಂಘಕ್ಕೆ ನಾನೇ ಸೆಕ್ರೆಟರಿ. ಸಮುದ್ರದ ಹಡಗಿಗಿರುವಂತೆ ನಮ್ಮ ದೋಣಿಗೂ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಹಾಕಿಸಿಯೇ ತೀರುತ್ತೇನೆಂದು ಪಣ ತೊಟ್ಟೆ. ಇಂಥ ಘನವಾದ ವಿಚಾರ ಊರಿನ ಉಳಿದವರಿಗೆ ಎಲ್ಲಿ ಹೊಳೆಯಬೇಕು!

“ಇರೋದೇ ಒಂದ ದೋಣಿ. ಅದು ಯಾರಿಗಿ ಡಿಕ್ಕಿ ಹೊಡಿತದಂತ ದೀಪ ಹಚ್ಚಲಾಕತ್ತೀರಿ?” ಎಂದಳು ಹೆಂಡತಿ ದ್ರೌಪತಿ.

“ನಿನಗ ನೌಕಾಶಾಸ್ತ್ರ ತಿಳಿಯಂಗಿಲ್ಲ,” ಎಂದು ಹುಮನಾಬಾದಿನ ಬಸ್ಸು ಹತ್ತಿದೆ.

ಸೈಕಲ್ ಅಂಗಡಿಯ ಹಬೀಬ್ ಮೂರು ಜೋಡಿ ದೀಪ ತೋರಿಸಿದ. ಒಂದಕ್ಕೆ ನೀರು ತಾಕಬಾರದಂತೆ! ಇನ್ನೊಂದಕ್ಕೆ ಲಾರಿಯ ಬ್ಯಾಟರಿ ಬೇಕು. ಅದನ್ನಿಟ್ಟರೆ ದೋಣಿಯಲ್ಲಿ ಮನುಷ್ಯನಿಗೆ ಜಾಗವಿಲ್ಲ. ಮೂರನೆಯದಕ್ಕೆ ರಬ್ಬರಿನ ಬಿಗಿ ಮುಚ್ಚಳ, ದೀಪಕ್ಕೆರಡು ದಪ್ಪ ಸೆಲ್ಲು. ನಮ್ಮ ಮನೆಯ ರೇಡಿಯೋದ ಸೆಲ್ಲೇ ಆಗುತ್ತಿತ್ತು. ಅದನ್ನೇ ಆರಿಸಿದೆ.

“ಹೊಸಾ ಸೆಲ್ ಹಾಕ್ರಿ ಸಾಹೇಬ್ರ. ಹಳೇವು ಧೋಕಾ ಕೊಡತಾವ,” ಎಂದ ಹಬೀಬ್. ಮಾರುವವನು ಮತ್ತೇನು ಹೇಳಿಯಾನು ಎಂದು ನಕ್ಕುಬಿಟ್ಟೆ.

ಮನೆಗೆ ಬಂದರೆ, ಕಸುವು ಮುಗಿದ ನಾಲ್ಕು ಸೆಲ್ಲುಗಳನ್ನು ದ್ರೌಪತಿ ಕಟ್ಟೆಯ ಮೇಲೆ ಬಿಸಿಲಿಗಿಟ್ಟಿದ್ದಳು. ಕಾದರೆ ಇನ್ನೊಂದಿಷ್ಟು ಹೊತ್ತು ನಡೆಯುತ್ತವೆಂದು ಅವಳ ಲೆಕ್ಕ. ನಾನು ಎತ್ತಿಕೊಂಡೆ.

“ಮುಟ್ಟಬ್ಯಾಡ್ರಿ. ಇವತ್ತ ಸಂಜಿ ಏಳಕ್ಕ ನಮ್ಮಣ್ಣ ಗುಲ್ಬರ್ಗಾ ರೇಡಿಯೋದಾಗ ಹಾಡತಾನ. ಮೊದಲ್ನೇ ಸಲ.”

ಅವಳಣ್ಣ ತುಳಜಾರಾಮ! ಭಜನೆಗೆ ಕೂತರೆ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಓಡುವಂಥ ಕಂಠ.

“ನಿಮ್ಮಣ್ಣಗ ರೇಡಿಯೋ ಯಾಕ? ಅವನ ಊರು ಹುಡಗ್ಯಾಗ ಬಾಯಿ ತೆಗೆದ್ರ ಇಲ್ಲೀತನಕ ಕೇಳತದ,” ಎಂದೆ. ದ್ರೌಪತಿಯ ಕಣ್ಣು ತುಂಬಿತು. ನಾನು ಸೆಲ್ಲುಗಳನ್ನು ಜೇಬಿಗಿಳಿಸಿ ಕೆರೆಗೆ ನಡೆದೆ.

ಕತ್ತಲಾಗುತ್ತಲೇ ಅಂಬಿಗ ಮಚ್ಚೇಂದ್ರ ದೋಣಿ ಬಿಟ್ಟ. ಕೆಂಪು, ಹಸಿರು ಝಗಝಗ! ನಾನು ದೋಣಿಯ ನಡುವೆ ಎದೆಯುಬ್ಬಿಸಿ ನಿಂತೆ. ನಡುನೀರು ಮುಟ್ಟುವಷ್ಟರಲ್ಲಿ ಕೆಂಪು ಆರಿತು. ಹಿಂದೆಯೇ ಹಸಿರೂ ಹೋಯಿತು. ಅದೇ ಹೊತ್ತಿಗೆ ಊರಿನ ಕರೆಂಟೂ ಹೋಯಿತು. ನನಗೆ ಈಜು ಬಾರದು.

“ದಂಡಿ ಯಾವ ಕಡಿ ಅದನೋ, ಮಚ್ಚೇಂದ್ರ?”

“ನಿಮ್ಮ ದೀಪ ನೋಡಿ ನೋಡಿ ಕಣ್ಣ ಕುಕ್ಕ್ಯಾವ್ರಿ. ನನಗೂ ತಿಳಿವಲ್ದು.”

ಮನೆದೇವರನ್ನೆಲ್ಲ ನೆನೆಯುತ್ತಿದ್ದಾಗ ಕತ್ತಲಿನಿಂದ ಒಂದು ಹಾಡು ಕೇಳಿಸಿತು. ಎಮ್ಮೆ ಓಡಿಸುವ ಅದೇ ಕಂಠ! ಜೀವಮಾನದಲ್ಲಿ ಮೊದಲ ಸಲ ಅದು ನನಗೆ ಇಂಪಾಗಿ ಕೇಳಿತು. “ಹಾಡಿನ ಕಡೀಗೇ ನಡಿಯಪ್ಪಾ,” ಎಂದೆ.

ದಂಡೆಯ ಮೇಲೆ ದ್ರೌಪತಿ ಕೂತಿದ್ದಳು. ತೊಡೆಯ ಮೇಲೆ ನೆರೆಮನೆಯ ಸರ್ದಾರಬಿಯ ರೇಡಿಯೋ. ನನಗೂ ಕೇಳಿಸಲೆಂದೇ ಅದನ್ನು ಕೆರೆಗೆ ಹೊತ್ತು ತಂದು, ದನಿಯ ಗುಂಡಿಯನ್ನು ಪೂರ್ತಿ ತಿರುವಿಟ್ಟಿದ್ದಳು.

“ಖರೇನೇ ಅಂದಿದ್ರಿ ನೀವು,” ಎಂದಳು. “ನಮ್ಮಣ್ಣನ ದನಿ ದೂರತನಕ ಕೇಳತದ. ಸುಮ್ಮ ಕೂಡ್ರಿ. ಇನ್ನೊಂದು ಹಾಡು ಅದ.”

ಕೂತೆ. ತಾಳವನ್ನೂ ಹಾಕಿದೆ.