ಡಿಕ್ಕಿಯೊಳಗಿನ ಕಾಲುವೆ

ಅದರ ಹೆಸರು ‘ಎನ್’ ಎಂದು ಸುರುವಾಗುತ್ತದೆ. ಎನ್‌ಕೋಜರ್ ಅಂತಲೋ ಎನ್‌ಲೋಜರ್ ಅಂತಲೋ ಇರಬೇಕು. ಅದನ್ನು ಕೈಯಾರೆ ಮಾಡಿದ ಶಹಾಪುರದ ಯೂನುಸ ಆ ಶಬ್ದವನ್ನು ಬಾಯಿ ತುಂಬ ಹೇಳುತ್ತಿದ್ದ. ನನ್ನ ನಾಲಿಗೆಯ ಮೇಲೆ ಅರ್ಧ ಮಾತ್ರ ಉಳಿದಿದೆ. ಕಾರಿನ ಡಿಕ್ಕಿಯಲ್ಲಿ ಕೂರಿಸುವ, ಧಬಧಬ ಬಡಿಯುವ ದೊಡ್ಡ ಸ್ಪೀಕರಿನ ಗೂಡು ಅದು. ನಮ್ಮೂರಿನವರು ಅದನ್ನು ಪೆಟ್ಟಿಗೆ ಅಂದರು. ಕಚೇರಿಯವರು ಕಾಲುವೆ ಅಂದರು. ಮೊಹರು ಇದ್ದದ್ದು ಕಚೇರಿಯವರ ಬಳಿ ಮಾತ್ರವಾದ್ದರಿಂದ ಅದು ಕಾಲುವೆ.

ನೀಲದೊಡ್ಡಿ ಸುರಪುರ ತಾಲೂಕಿನಲ್ಲಿ ಒಂದು ಉಪಕಾಲುವೆಯ ಕಟ್ಟಕಡೆಯ ಊರು. ಕಾಲುವೆ ತೋಡಿದ ವರ್ಷ ಊರವರು ಅದರೊಳಗೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿದ್ದರು. ಆಮೇಲೂ ಅಲ್ಲಿ ನಿಲ್ಲುವುದಕ್ಕೆ ಯಾವ ಅಡ್ಡಿಯೂ ಬರಲಿಲ್ಲ. ಬಿಟ್ಟ ನೀರು ಮೊದಲು ಮೇಲಿನ ಊರುಗಳ ಭತ್ತಕ್ಕೆ, ಆಮೇಲೆ ಕಾಲುವೆಯ ಬಿರುಕುಗಳಿಗೆ ಹೋಗಿ, ಉಳಿದದ್ದು ಕಾಗದದ ಮೇಲೆ ನೀಲದೊಡ್ಡಿಗೆ ಬರುತ್ತಿತ್ತು.

ನನ್ನ ತಂಗಿ ಅಂಬವ್ವನ ಎರಡು ಎಕರೆ ಈ ಕಾಲುವೆಯ ಕೊನೆಯ ಕಲ್ಲಿಗೆ ಹತ್ತಿಕೊಂಡಿದೆ. ನಮ್ಮವ್ವನ ಕಾಲದಿಂದ ಮನೆಯಲ್ಲೇ ತೆಗೆದಿಡುತ್ತ ಬಂದ ಮೆಣಸಿನ ಬೀಜವನ್ನು ಆಕೆ ಆ ವರ್ಷ ಒಂದು ಮಡಿಯಲ್ಲಿ ಸಸಿ ಹಾಕಿದ್ದಳು. ಹಿಂದಿನ ವರ್ಷದ ಬೆಳೆ ಒಣಗಿದ್ದರಿಂದ ಬೀಜ ಇದ್ದದ್ದು ಅಷ್ಟೇ. ಗಡಿಗೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಊರ ಕೈಪಂಪಿನ ನೀರು ಸವಳು. ಮಡಿಯ ಒಂದು ಮೂಲೆಗೆ ಹಾಕಿ ನೋಡಿದಳು. ಆ ಮೂಲೆ ಬೆಳ್ಳಗಾಗಿ ಸತ್ತಿತು. ಸಿಹಿನೀರು ಸಿಗದಿದ್ದರೆ ಉಳಿದ ಸಸಿಯೂ ಹೋಗುತ್ತದೆ, ಅವ್ವನ ಮೆಣಸಿನಕಾಯಿ ಎಂಬುದೂ ಹೋಗುತ್ತದೆ. ಉಡುಪಿಯ ಮಗಳ ಮನೆಯಿಂದ ನಾನು ಆಗ ತವರಿಗೆ ಹೋಗಿದ್ದೆ. ಇಬ್ಬರೂ ಕೂಡಿ ಕಾಲುವೆ ಕೊನೆಭಾಗ ಉಪಕಚೇರಿಗೆ ಹೋದೆವು.

ಉಪಕಚೇರಿಯ ಮುಖ್ಯಸ್ಥರು ಮಹಾದೇವಪ್ಪ ಸಾಹೇಬರು. ಅಹವಾಲು ಕೇಳದೆ ಯಾರನ್ನೂ ವಾಪಸು ಕಳಿಸಿದವರಲ್ಲ.

“ನೀರು ಬಿಟ್ಟೀವಿ ಅಂತ ಮೈಕಿನ್ಯಾಗ ಒದರಿಸಿದ್ವಲ್ಲ, ಕೇಳಿಲ್ಲೇನವ್ವ?” ಅಂದರು.

“ಇಲ್ರಿ ಯಪ್ಪಾ. ನಮ್ಮೂರ ತನಕ ಕೇಳಂಗಿಲ್ಲ,” ಅಂದಳು ಅಂಬವ್ವ.

“ನೋಡ್ರಿ, ತೊಂದ್ರಿ ಇಲ್ಲೇ ಅದ. ಕೇಳಲಾರದ ನೀರು ಹ್ಯಾಂಗ ಬರ್ತದ?”

ವಿಚಾರಣೆ ಅಲ್ಲಿಗೆ ಮುಗಿಯಿತು. ಕೊನೆಭಾಗಕ್ಕೆ ನೀರು ತಲುಪದಿರಲು ನೀರಿನ ಪ್ರಕಟಣೆ ತಲುಪದಿರುವುದೇ ಕಾರಣವೆಂದು ತೀರ್ಮಾನವಾಗಿ, ಸಾಹೇಬರ ಕಾರಿಗೆ ಭಾರಿ ಸದ್ದಿನ ಸ್ಪೀಕರ್ ಕೂರಿಸಲು ಒಪ್ಪಿಗೆ ದೊರೆಯಿತು. ಕಾರು ಅವರ ಸ್ವಂತದ್ದು. ಸ್ಪೀಕರನ್ನು ಅವರು ಮುಂಚೆಯೇ ಹೈದರಾಬಾದಿನಿಂದ ತರಿಸಿಟ್ಟಿದ್ದರು, ಅದು ಕಾಕತಾಳೀಯ.

ಗೂಡಿಗೆ ಬೇಕಾದ ಸಾಮಾನೂ ಇತ್ತು. ಕಾಲುವೆಯ ಕೊನೆಯ ತುಂಡಿನ ಬಿರುಕುಗಳಿಗೆ ಫೈಬರ್ ಹಾಸನ್ನು ರಾಳದಲ್ಲಿ ತೋಯಿಸಿ ಅಂಟಿಸುವ ಪ್ರಾಯೋಗಿಕ ಕಾಮಗಾರಿಯೊಂದು ಮಂಜೂರಾಗಿತ್ತು. ಬಂದ ಹಾಸು, ಬಂದ ರಾಳದಲ್ಲಿ ಹೆಚ್ಚಿನದು ಸಂಬಂಧಪಟ್ಟವರ ಮನೆಗಳ ಮೇಲೆ ನೀರಿನ ತೊಟ್ಟಿಗಳಾಗಿ ಆಗಲೇ ಕೂತಿತ್ತು. ಉಳಿದದ್ದನ್ನು ಅಳೆದು, ‘ಕಾಲುವೆಗೆ ಸಾಲದು, ಡಿಕ್ಕಿಗೆ ಸಾಕು’ ಎಂದು ಅಂದಾಜು ತಯಾರಾಯಿತು.

ಕೆಲಸ ಯೂನುಸನಿಗೆ ಬಂತು. ಶಹಾಪುರದಲ್ಲಿ ದೊಡ್ಡ ಕಾಲುವೆಯ ದಂಡೆಗೆ ಅವನ ತಗಡಿನ ಶೆಡ್ಡು. ಲಾರಿಗಳ ಒಡೆದ ಬಂಪರಿಗೆ ಫೈಬರ್ ಮೆತ್ತುವುದು ಅವನ ಕಸುಬು. ಮೊದಲು ಡಿಕ್ಕಿಯೊಳಗಿನ ಸ್ಟೆಪ್ನಿ ಗಾಲಿಯನ್ನು ತೆಗೆಸಿದ. ಅದನ್ನು ಬೇರೆಲ್ಲಿ ಇಡಬೇಕೆಂಬ ಆದೇಶ ಇಲ್ಲದ್ದರಿಂದ ಡ್ರೈವರ್ ಮಾನಪ್ಪನ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಡಿಕ್ಕಿಯ ತಳಕ್ಕೂ ಪಕ್ಕಗಳಿಗೂ ಟೇಪು ಅಂಟಿಸಿ, ಮೇಲೆ ಹಾಸು ಹರಡಿ, ರಾಳಕ್ಕೆ ಗಟ್ಟಿಯಾಗುವ ಔಷಧ ಬೆರೆಸಿ ಬ್ರಷ್ಷಿನಿಂದ ಕುಡಿಸಿದ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬಿಡಿಸಿ ತೆಗೆದರೆ ಡಿಕ್ಕಿಯ ಉಬ್ಬುತಗ್ಗೆಲ್ಲ ಮೂಡಿದ ಚಿಪ್ಪು. ಸ್ಪೀಕರ್ ಕೂರುವ ಪ್ಲೈವುಡ್ಡಿನ ಬಳೆಯನ್ನು ಕಟ್ಟಿಗೆ ತುಂಡುಗಳ ಮೇಲೆ ಎತ್ತಿ ನಿಲ್ಲಿಸಿದ. ಬಳೆಯಿಂದ ಚಿಪ್ಪಿನ ಅಂಚಿಗೆ ಬಟ್ಟೆ ಬಿಗಿಯಬೇಕು. ಅದಕ್ಕೆ ಕಚೇರಿಯವರು ಕಾಲುವೆ ಉದ್ಘಾಟನೆಯ ಹಳೆಯ ಬ್ಯಾನರು ಕೊಟ್ಟರು. ಅದಕ್ಕೂ ರಾಳ ಕುಡಿಸಿದಾಗ ಬಟ್ಟೆ ಕಲ್ಲಾಯಿತು. ‘ಹನಿ ಹನಿಯೂ ರೈತನಿಗೆ’ ಎಂಬ ಅಕ್ಷರಗಳು ಒಳಮೈಗೆ ಹೋದವು.

ಅಷ್ಟರಲ್ಲಿ ಅಂಬವ್ವನ ಸಸಿಗಳು ತಲೆ ಬಾಗಿಸಿದ್ದವು. ಕುಡಿಯಲು ಬರುವ ಟ್ಯಾಂಕರ್ ನೀರಿನಲ್ಲಿ ತನ್ನ ಪಾಲಿನದನ್ನು ಆಕೆ ಅವಕ್ಕೆ ಚಿಮುಕಿಸುತ್ತಿದ್ದಳು. ಮತ್ತೆ ಕಚೇರಿಗೆ ಹೋದಾಗ ಸಾಹೇಬರು ಶೆಡ್ಡಿನಲ್ಲಿದ್ದಾರೆಂದು ತಿಳಿದು ಅಲ್ಲಿಗೇ ಹೋದೆವು. ಯೂನುಸ ಪೆಟ್ಟಿಗೆಯನ್ನು ಅಂಗಾತ ಇಟ್ಟು, ಕಾಲುವೆಯಿಂದ ಬಕೀಟಿನಲ್ಲಿ ನೀರು ತಂದು ಬಳೆಯ ತೂತಿನೊಳಗೆ ಸುರಿಯುತ್ತಿದ್ದ.

“ಹಾಡೋ ಪೆಟ್ಟಿಗ್ಯಾಗ ನೀರು ಯಾಕೋ ಯಪ್ಪಾ?” ಅಂದಳು ಅಂಬವ್ವ.

“ಎಲ್ಲ್ಯಾದ್ರೂ ಸೋರ್ತದೇನು ನೋಡಾಕತ್ತೀನವ್ವಾ. ಗಾಳಿ ಸೋರಿದ್ರ ಧಬಧಬ ಬಡತ ಢೀಲಾ ಆಗ್ತದ. ಗಾಳಿ ಕಣ್ಣಿಗಿ ಕಾಣಂಗಿಲ್ಲ, ನೀರು ಕಾಣ್ತದ.”

ಅದೇ ಹೊತ್ತಿಗೆ ಗುಣಮಟ್ಟ ತನಿಖೆಯ ವೆಂಕಟಪ್ಪನವರು ಬಂದಿಳಿದರು. ಫೈಬರ್ ಕಾಮಗಾರಿ ತೋರಿಸಿ ಅಂದರು. ಮಹಾದೇವಪ್ಪ ಸಾಹೇಬರು ಸುಳ್ಳು ಹೇಳುವವರಲ್ಲ. ಆದ ಕಾಮಗಾರಿಯನ್ನು ಪೂರ್ತಿ ತೋರಿಸಿದರು. ಅಂದರೆ ಪೆಟ್ಟಿಗೆಯನ್ನು ತೋರಿಸಿದರು.

ವೆಂಕಟಪ್ಪನವರು ಅದರ ಅಡಿಗೆ ಒಂದು ಕಾಗದ ಹಾಸಿಸಿ ಚಹಾ ಕುಡಿದರು. ಚಹಾ ಮುಗಿದ ಮೇಲೆ ಕಾಗದ ಎಳೆದು ನೋಡಿದರು. ಒಣಗಿತ್ತು.

“ನನ್ನ ನೌಕರಿಯಾಗ ಸೋರಲಾರದ ಕಾಲುವಿ ಇದೊಂದೇ ನೋಡೀನಿ,” ಅಂದರು.

“ಉದ್ದ ಸ್ವಲ್ಪ ಕಡಿಮಿ ಅದರಿ,” ಅಂದರು ಮಹಾದೇವಪ್ಪ ಸಾಹೇಬರು.

“ಉದ್ದ ಅಳತಿಯವರು ನೋಡ್ಕೋತಾರ. ನನ್ನ ಕೆಲಸ ಸೋರಿಕಿ.”

ಯೂನುಸ ಅದರ ನಿಜವಾದ ಹೆಸರನ್ನು ಎರಡು ಸಲ ಬಿಡಿಸಿ ಹೇಳಿದ. ಆ ಹೆಸರಿನ ಕಾಲಂ ಇರಲಿಲ್ಲ. ‘ನೀಲದೊಡ್ಡಿ ಉಪಕಾಲುವೆ, ಕೊನೆಭಾಗ: ಸೋರಿಕೆ ಇಲ್ಲ’ ಎಂದು ಬರೆದು ಮೊಹರು ಒತ್ತಿದರು.

ಅಂಬವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ಸಾಹೇಬ್ರ, ಇದು ಕಾಲುವಿ ಆಯ್ತೇನ್ರಿ?”

“ಆಯ್ತವ್ವ.”

“ಒಳಗಿನ ನೀರು ಕಾಲುವಿ ನೀರ ಅಲ್ರಿ?”

“ಹೌದು.”

“ಕಾಲುವಿ ಕೊನೀಗಿ ಹೊಲ ಯಾರದ್ರಿ?”

ವೆಂಕಟಪ್ಪನವರು ನಕಾಶೆ ನೋಡಿ, “ಅಂಬವ್ವ ಗಂಡ ಮಲ್ಕಪ್ಪ,” ಎಂದು ಓದಿದರು.

“ಆಕಿ ನಾನೇ. ನಡೀರಿ, ನೀರು ಬಿಡ್ರಿ.”

ನೀರು ತುಂಬಿದ ಪೆಟ್ಟಿಗೆಯನ್ನು ನಾಲ್ಕು ಜನ ಎತ್ತಿ ಡಿಕ್ಕಿಯಲ್ಲಿ ಇಟ್ಟರು. ತೂತಿನ ಮೇಲೆ ಯೂನುಸನ ಊಟದ ತಾಟು ಮುಚ್ಚಿದರು. ಮುಂದೆ ಮಾನಪ್ಪ ಮತ್ತು ಸ್ಟೆಪ್ನಿ, ಹಿಂದೆ ಅಧಿಕಾರಿಗಳು ಮತ್ತು ನಾವು. ತಿರುವಿನಲ್ಲೆಲ್ಲ ಕಾಲುವೆ ತುಳುಕುವುದು ಕೇಳಿಸುತ್ತಿತ್ತು. “ಮೆಲ್ಲಕ ಹೊಡಿಯೋ ಮಾನಪ್ಪ, ದಂಡಿ ಒಡೆದೀತು,” ಅಂದರು ಸಾಹೇಬರು. ನೀಲದೊಡ್ಡಿಯಲ್ಲಿ ಅಂಬವ್ವ ಚೊಂಬಿನಿಂದ ಮೊಗೆಮೊಗೆದು ಮಡಿಗೆ ಹನಿಸಿದಳು. ಸಂಜೆಯ ಹೊತ್ತಿಗೆ ಸಸಿ ತಲೆ ಎತ್ತಿದವು. ನೀರು ಮುಟ್ಟಿತು ಎಂದು ಕಚೇರಿಯ ಲೆಕ್ಕದ ವಹಿಯಲ್ಲಿ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಲುವೆ ತೋಡಿದ ಮೇಲೆ ಕೊನೆಭಾಗಕ್ಕೆ ನೀರು ಮುಟ್ಟಿದ್ದು ಅದೇ ಮೊದಲು.

ಮುಂದಿನ ವಾರ ಪಂಚಾಯಿತಿ ಗೋಡೆಗೆ ಪ್ರಕಟಣೆ ಬಂತು:

“ನೀಲದೊಡ್ಡಿ ಉಪಕಾಲುವೆಯ ಕೊನೆಭಾಗವು ಇನ್ನು ಮುಂದೆ ಉಪಕಚೇರಿ ಮುಖ್ಯಸ್ಥರ ಕಾರಿನ ಡಿಕ್ಕಿಯಲ್ಲಿರುತ್ತದೆ. ಕಾಲುವೆಯು ಹಿಮ್ಮುಖವಾಗಿ ಬರುವಾಗ ಸಾರ್ವಜನಿಕರು ದೂರ ನಿಲ್ಲತಕ್ಕದ್ದು. ಕಾಲುವೆಯಲ್ಲಿ ಎಮ್ಮೆ ಮೈತೊಳೆಯುವುದನ್ನು ಈ ಮೊದಲೇ ನಿಷೇಧಿಸಿದ್ದು, ಸದರಿ ನಿಷೇಧವು ಡಿಕ್ಕಿಗೂ ಅನ್ವಯಿಸುತ್ತದೆ. ಕಾಲುವೆಯ ಕೀಲಿಕೈ ಚಾಲಕ ಮಾನಪ್ಪನ ಬಳಿ ಇರುತ್ತದೆ. ಬೆಳಿಗ್ಗೆ ನೀರು, ಸಂಜೆ ಸದ್ದು.”

ಬೆಳಿಗ್ಗೆ ಸ್ಪೀಕರ್ ಬಿಚ್ಚಿ ನೀರು ತರುತ್ತಿದ್ದರು. ಸಂಜೆ ಒಳಗನ್ನು ಒರೆಸಿ ಸ್ಪೀಕರ್ ಕೂರಿಸಿ ಪ್ರಕಟಣೆ ಹೊಡೆಯುತ್ತಿದ್ದರು. ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಧಬ್ ಧಬ್ ಎಂದು ತಗಡು, ತಾಟು, ಎದೆ ನಡುಗುತ್ತಿದ್ದವು. ಪ್ರಕಟಣೆ ಕೊನೆಭಾಗದ ರೈತರ ಎದೆಗೆ ತಲುಪಿದೆ ಎಂದು ವರದಿ ಹೋಯಿತು. ಯೂನುಸ ಮಾತ್ರ ಒಮ್ಮೆ ಬಂದು ಕೇಳಿ, “ಒದ್ದಿ ಆಗ್ಯಾದ. ಬಡತ ಹಾಳಾಗ್ಯಾದ,” ಎಂದು ಮುಖ ಸಣ್ಣಗೆ ಮಾಡಿಕೊಂಡು ಹೋದ.

ಸಸಿ ಗೇಣುದ್ದ ಆದವು. ಅಂಬವ್ವ ಸಾಹೇಬರನ್ನು ಹೊಲದಲ್ಲೇ ಹಿಡಿದಳು.

“ಇನ್ನ ಇವನ್ನ ಕಿತ್ತು ಹೊಲಕ್ಕ ಹಚ್ಚಬೇಕ್ರಿ. ಎರಡೆಕರಿಗಿ ಈ ನೀರು ಸಾಲಂಗಿಲ್ಲ.”

“ಕಾಲುವಿ ದೊಡ್ಡದು ಮಾಡಾಕ ಬರಂಗಿಲ್ಲವ್ವ. ಡಿಕ್ಕಿ ಇದ್ದಷ್ಟೇ ಅದ.” ಸಾಹೇಬರು ಹೊಲವನ್ನು ಒಮ್ಮೆ ಕಣ್ಣಳತೆ ಮಾಡಿದರು. “ಹೊಲಾನೇ ಸಣ್ಣದು ಮಾಡೂಣು.”

ಹೊಲವನ್ನು ಸಣ್ಣದು ಮಾಡಲಾಯಿತು. ಮಡಿಯಷ್ಟು ಜಾಗ ನೀರಾವರಿ ಎಂದೂ, ಮಿಕ್ಕದ್ದು ಕಾಲುವೆಗೆ ಹೆಚ್ಚುವರಿಯಾದ ಭೂಮಿ ಎಂದೂ ತಿದ್ದುಪಡಿಯಾಯಿತು. ಇದರಿಂದ ನೀಲದೊಡ್ಡಿಯ ನೀರಾವರಿ ಪೂರ್ತಿ ಗುರಿ ಮುಟ್ಟಿತು. ಅಕ್ಕಪಕ್ಕದ ಊರುಗಳವರು ತಮ್ಮ ಹೊಲಗಳನ್ನೂ ಸಣ್ಣದು ಮಾಡಿಕೊಡಬೇಕೆಂದು ಅರ್ಜಿ ಹಾಕಿದರು.

ಮಡಿಯಲ್ಲೇ ಒತ್ತೊತ್ತಾಗಿ ಬೆಳೆದ ಗಿಡಗಳಲ್ಲಿ ಗಟ್ಟಿಯಾದವು ಕಾಯಿ ಬಿಟ್ಟವು, ಕೆಂಪಾದವು. ಕೆಂಪಾದವು ಎಂದು ದಾಖಲಾದ ದಿನವೇ ಕಚೇರಿಯವರು ಬುಟ್ಟಿ ಹಿಡಿದುಕೊಂಡು ಬಂದರು. ಸಾಧನೆಯ ಪ್ರದರ್ಶನಕ್ಕೆ ಕಾಯಿ ಬೇಕಿತ್ತು.

“ಬೀಜಕ್ಕ ಒಂದರ ಬಿಡ್ರಿ. ನಮ್ಮವ್ವನ ತಳಿ ಅದು,” ಅಂದಳು ಅಂಬವ್ವ.

“ಕಾಲುವಿ ಸರಕಾರದ್ದು, ಕಾಯಿನೂ ಸರಕಾರದ್ದವ್ವ. ಹಣ್ಣಾದದ್ದೆಲ್ಲ ಲೆಕ್ಕಕ್ಕ ಬಂದಾವ,” ಅಂದರು ಸಾಹೇಬರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ಕಾಯಿಗಳೆಲ್ಲ ಗಾಜಿನ ಕಪಾಟಿನೊಳಗೆ ಹೋದವು. ಈಗಲೂ ಅಲ್ಲೇ ಇವೆ ಎಂದು ಕೇಳಿದ್ದೇನೆ, ಬೀಗ ಹಾಕಿದೆ.

ಆಮೇಲೆ ಸಾಹೇಬರಿಗೆ ಉಡುಪಿಯ ಕಡೆಗೆ ವರ್ಗವಾಯಿತು. ಕಾರು ಸ್ವಂತದ್ದಾದ್ದರಿಂದ ಅವರ ಜೊತೆ ಹೊರಟಿತು. ಕಾಲುವೆಯನ್ನು ಮಾತ್ರ ಬಿಟ್ಟುಹೋಗಿ ಎಂದರೆ, ಅದು ಅಷ್ಟರಲ್ಲಿ ಡಿಕ್ಕಿಯ ಉಬ್ಬುತಗ್ಗಿಗೆ ಕಚ್ಚಿಕೊಂಡಿತ್ತು. ಒಡೆಯದೆ ಬರುವುದಿಲ್ಲ ಅಂದ ಯೂನುಸ. ಕಾಲುವೆ ಒಡೆಯುವುದು ಶಿಕ್ಷಾರ್ಹ ಅಪರಾಧ. ಹೀಗೆ ಕಾಲುವೆ ಉಡುಪಿಗೆ ಬಂತು, ಹೊಲ ನೀಲದೊಡ್ಡಿಯಲ್ಲಿ ಉಳಿಯಿತು. ಕಾಲುವೆಯಿಲ್ಲದ ಕಡೆ ಕೊನೆಭಾಗ ಇರಲು ಬರುವುದಿಲ್ಲವೆಂದೂ, ನೀರು ಮುಟ್ಟಿತೆಂದು ವಾರವಾರ ವಹಿಯಲ್ಲಿ ದಾಖಲಾಗದಿದ್ದರೆ ಮಡಿಯಲ್ಲಿರುವ ಗಿಡಗಳು ಕಚೇರಿಯ ವಶವಾಗುತ್ತವೆಂದೂ ಹೊಸ ಮುಖ್ಯಸ್ಥರು ಅಂಬವ್ವನಿಗೆ ನೋಟಿಸು ಕೊಟ್ಟರು.

ಆಗಲೇ ಉಡುಪಿಗೆ ಮರಳಿದ್ದ ನನಗೆ ಅಂಬವ್ವ ಫೋನು ಮಾಡಿದಳು. “ಅಕ್ಕಾ, ಕಾಲುವಿ ನಿಮ್ಮೂರಿಗಿ ಬಂದದಂತ. ನನ್ನ ಹೊಲಾನೂ ಕಳಸಾಕತ್ತೀನಿ. ಬಸ್ಸಿನ್ಯಾಗ ಇಟ್ಟೀನಿ, ಇಳಿಸ್ಕೋ.”

ಹೊಲ ಮರುದಿನ ಬಂತು. ಬಣ್ಣದ ಡಬ್ಬದಲ್ಲಿ ನಮ್ಮೂರ ಕರಿಮಣ್ಣು, ಅದರಲ್ಲಿ ಬದುಕಿ ಉಳಿದ ಎರಡೇ ಗಿಡ. ನಾನು ಅದನ್ನು ತಾರಸಿಯ ಮೇಲಿಟ್ಟು ಸಾಹೇಬರಿಗೆ ಸುದ್ದಿ ಮುಟ್ಟಿಸಿದೆ. ಈಗ ಪ್ರತಿ ಗುರುವಾರ ಸಾಹೇಬರು ನಮ್ಮ ಕಟ್ಟಡದ ಕೆಳಗೆ ಕಾರು ನಿಲ್ಲಿಸಿ ಡಿಕ್ಕಿ ತೆರೆಯುತ್ತಾರೆ. ಮೊಣಕಾಲು ನೋವಿರುವುದರಿಂದ ಮೆಟ್ಟಿಲು ಹತ್ತುವುದಿಲ್ಲ. ಮೊಮ್ಮಗಳು ಕೊಡ ತುಂಬಿಸಿಕೊಂಡು, ಮೇಲೆ ತಟ್ಟೆ ಮುಚ್ಚಿಕೊಂಡು ಹೊತ್ತು ತರುತ್ತಾಳೆ. ನೀರು ಮುಟ್ಟಿತೆಂದು ನಾನು ವಹಿಯಲ್ಲಿ ಬರೆಯುತ್ತೇನೆ. ಇಲ್ಲಿ ಜೂನಿನಲ್ಲಿ ಸುರುವಾದ ಮಳೆ ನಿಂತೇ ಇಲ್ಲ. ಆದರೂ ಸಾಹೇಬರು ಒಂದು ಗುರುವಾರವೂ ತಪ್ಪಿಸಿಲ್ಲ. ಈ ನಿಷ್ಠೆಯನ್ನು ನಮ್ಮ ಕಟ್ಟಡದವರೆಲ್ಲ ಮೆಚ್ಚಿಕೊಂಡಿದ್ದಾರೆ, ನೀರು ಬಿಡುವ ದಿನ ಅವರಿಗಾಗಿ ಒಂದು ಕಾರಿನ ಜಾಗ ಖಾಲಿ ಬಿಡುತ್ತಾರೆ.

ಈ ಗುರುವಾರ ಮಳೆ ಜೋರಾಗಿತ್ತು. ನಾನು ಡಬ್ಬದ ಮೇಲೆ ಛತ್ರಿ ಹಿಡಿದು ನಿಂತಿದ್ದೆ.

“ಅಜ್ಜಿ, ಹೇಗೂ ಮಳೆ ಬರ್ತಾ ಉಂಟಲ್ಲ. ಛತ್ರಿ ತೆಗೆದ್ರೆ ಆಗೂದಿಲ್ವಾ?” ಅಂದಳು ಮೊಮ್ಮಗಳು.

“ಮಳಿ ನೀರು ಕಾಲುವಿ ನೀರಿನ ಲೆಕ್ಕದಾಗ ಕೂಡಬಾರದು. ನಿಯಮ ಅದ. ಸುರಿ.”

ಅವಳು ಕೊಡ ಬಗ್ಗಿಸಿದಳು. ನೀರು ಕರಿಮಣ್ಣಿನೊಳಗೆ ಇಳಿಯಿತು. ಗಾಳಿಗೆ ಎಲೆ ಸರಿದಾಗ ಕೆಳಗಿನ ಟೊಂಗೆ ಕಂಡಿತು. ನಾನು ಛತ್ರಿಯನ್ನು ಇನ್ನಷ್ಟು ಕೆಳಗೆ ಇಳಿಸಿದೆ. ಕೆಳಗಿನಿಂದ ಸಾಹೇಬರು, “ಮುಟ್ಟಿತೇನ್ರಿ?” ಎಂದು ಕೂಗಿದರು.

“ಮುಟ್ಟಿತ್ರಿ,” ಎಂದು ಕೂಗಿ ಹೇಳಿ, ಮೊಮ್ಮಗಳ ಕಡೆ ತಿರುಗಿದೆ.

“ಕೂಸ, ನನ್ನ ಕೈಯಾಗ ಛತ್ರಿ ಅದ, ವಹಿಯಾಗ ನೀನೇ ಬರಿ. ನೀಲದೊಡ್ಡಿ ಅಂಬವ್ವನ ಹೊಲಕ್ಕ ನೀರು ಮುಟ್ಟಿತು ಅಂತ ಬರಿ. ಎರಡು ಕಾಯಿ ಕೆಂಪಾಗ್ಯಾವ, ಅದನ್ನ ಮಾತ್ರ ಬರೀಬ್ಯಾಡ.”